ಕೂಸು ನೋಡಿಕೊಳ್ಳುವವರ ರಜೆ

ಇಂದು ನಾನು ಎತ್ತಿಕೊಂಡಿರುವ ವಿಷಯ ಕೇಳುವುದಕ್ಕೆ ಬಹಳ ಸಣ್ಣದು. ತನ್ನ ಮನೆಯಲ್ಲಿ ನೆರೆಹೊರೆಯವರ ಮಕ್ಕಳನ್ನು ಹಗಲೆಲ್ಲ ಇರಿಸಿಕೊಂಡು ನೋಡಿಕೊಳ್ಳುವ ಹೆಂಗಸು, ತಾನು ಬಾಗಿಲು ತೆರೆಯದ ದಿನಕ್ಕೂ ಹಣ ತೆಗೆದುಕೊಳ್ಳಬಹುದೆ? ಹಬ್ಬವೆಂದೋ, ಜ್ವರವೆಂದೋ, ತವರಿನಲ್ಲಿ ಮದುವೆಯೆಂದೋ ಆಕೆ ರಜೆ ಮಾಡಿದ ದಿನವನ್ನು ತಿಂಗಳ ಲೆಕ್ಕದಿಂದ ಕಳೆಯಬೇಕೆ, ಕಳೆಯಬಾರದೆ? ಪಂಡಿತರ ಚರ್ಚೆಗೆ ತಕ್ಕ ಪ್ರಶ್ನೆ ಇದಲ್ಲವೆಂದು ಕೆಲವರಿಗೆ ತೋರೀತು. ಆದರೆ ದುಡಿಮೆಗೆ ನಾವು ಕೊಡುವ ಹಣ ನಿಜವಾಗಿ ಯಾವುದಕ್ಕೆ ಸಲ್ಲುವ ಹಣ ಎಂಬ ದೊಡ್ಡ ಪ್ರಶ್ನೆ ಈ ಸಣ್ಣ ಪ್ರಶ್ನೆಯ ಒಳಗಿದೆ. ಇದನ್ನು ಹಿಡಿದು ಜಗಳವಾಡುವವರು ಬಹುಮಟ್ಟಿಗೆ ಇಬ್ಬರೂ ಹೆಂಗಸರು, ಇಬ್ಬರೂ ಬಡವರು, ಇಬ್ಬರೂ ನ್ಯಾಯವಾದ ಮಾತನ್ನೇ ಆಡುವವರು. ಆದ್ದರಿಂದಲೇ ಇದು ವಿಚಾರಾರ್ಹವಾದುದು.

ನಾನು ಕಂಡು ಬಲ್ಲ ಸೀಮೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳದು. ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದ ಈ ಸೀಮೆ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಹೆಸರು ಯಾವುದಾದರೇನು, ಇಲ್ಲಿಯ ಹೆಣ್ಣುಮಕ್ಕಳು ಮನೆಯ ಹೊರಗೆ ದುಡಿಯುವುದು ಹೊಸದಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದುದು. ಅಲ್ಲಿ ಹರಾಜಾದ ಗೂಡು ಊರಿನ ಕೇರಿಕೇರಿಗಳಲ್ಲಿರುವ ನೂಲು ಬಿಚ್ಚಾಣಿಕೆಯ ಘಟಕಗಳಿಗೆ ಹೋಗುತ್ತದೆ. ಬಿಸಿನೀರಿನ ಬೇಸಿನ್ನಿನ ಮುಂದೆ ಎಳೆ ಹುಡುಕುವ ಕೈಗಳಲ್ಲಿ ಹೆಂಗಸರ ಕೈಗಳೇ ಬಹಳ. ಚನ್ನಪಟ್ಟಣದಲ್ಲಿ ಆಲೆಮರದ ಗೊಂಬೆಗೆ ಅರಗಿನ ಬಣ್ಣ ಹಚ್ಚುವ ಕೆಲಸವಿದೆ. ಕನಕಪುರ, ಮಾಗಡಿಗಳ ಕಡೆಯಿಂದ ಮುಂಜಾನೆಯೇ ಗಾರ್ಮೆಂಟ್ಸಿನ ವ್ಯಾನುಗಳು ಹೊರಡುತ್ತವೆ. ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬರುವ ಉಪಾಧ್ಯಾಯಿನಿಯರೂ ಗುಮಾಸ್ತೆಯರೂ ಬೇರೆ. ಬೇಸಿನ್ನಿನ ಹತ್ತಿರ ಎರಡು ವರ್ಷದ ಕೂಸನ್ನು ಬಿಡುವಂತಿಲ್ಲ. ಹೊಲಿಗೆಯ ಯಂತ್ರದ ಸಾಲಿಗೆ ಅದನ್ನು ಕರೆದೊಯ್ಯುವಂತಿಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಸರಿ. ಇಲ್ಲದಿದ್ದರೆ ಪಕ್ಕದ ಬೀದಿಯ ಯಾರೋ ಒಬ್ಬಾಕೆಯ ಮನೆ.

ಆ ಮನೆಗಳಿಗೆ ಬಹಳ ಕಡೆ ಬೋರ್ಡೂ ಇರುವುದಿಲ್ಲ. ಇದ್ದರೆ ‘ಬೇಬಿ ಸಿಟ್ಟಿಂಗ್’ ಎಂದು ಸುಣ್ಣದ ಗೋಡೆಯ ಮೇಲೆ ಬರೆದಿರುತ್ತದೆ. ಒಂದು ನಡುಮನೆ, ಒಂದು ಜೋಲಿ, ಬಾಗಿಲಿಗೆ ಅಡ್ಡವಾಗಿ ಒಂದು ಹಲಗೆ. ನಾಲ್ಕೋ ಐದೋ ಮಕ್ಕಳು. ತಾಯಂದಿರು ಆಕೆಯನ್ನು ಅಕ್ಕ ಎನ್ನುತ್ತಾರೆ; ಮಕ್ಕಳಿಗೆ ಆಕೆ ಅಜ್ಜಿ ಅಥವಾ ನಾನಿ. ಬಂಧುತ್ವದ ಈ ಹೆಸರುಗಳು ಇಂಪಾದವು. ಆದರೆ ಲೆಕ್ಕದ ಹೊತ್ತಿಗೆ ಇವೇ ತೊಡಕನ್ನು ತರುತ್ತವೆ. ಅಕ್ಕನೊಡನೆ ಕರಾರು ಮಾಡಿಕೊಳ್ಳುವುದು ಹೇಗೆ? ಆದ್ದರಿಂದ ತಿಂಗಳಿಗೆ ಇಷ್ಟು ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದನ್ನು ಯಾರೂ ಮಾತನಾಡಿರುವುದಿಲ್ಲ. ಮಾತನಾಡದೆ ಉಳಿದುದು ಮೊದಲನೆಯ ಹಬ್ಬದ ದಿನವೇ ತಲೆಯೆತ್ತುತ್ತದೆ.

ನಮ್ಮ ಬೀದಿಯಲ್ಲಿ ಒಮ್ಮೆ ಹೀಗೆ ಆಯಿತು. ನಿವೃತ್ತ ಮೇಷ್ಟರೆಂಬ ಒಂದೇ ಅರ್ಹತೆಯ ಮೇಲೆ ಇಬ್ಬರೂ ನನ್ನ ಬಳಿಗೆ ಬಂದರು. “ನಾನು ಒಂದಿನ ಹೋಗ್ದಿದ್ರೆ ನಂಗೆ ಕೂಲಿ ಇಲ್ಲ ಮೇಷ್ಟ್ರೆ. ಅಕ್ಕ ಬಾಗ್ಲು ಹಾಕ್ಕೊಂಡಿದ್ ದಿನಕ್ಕೂ ನಾನು ದುಡ್ಡು ಕೊಡಬೇಕಾ?” ಎಂದು ತಾಯಿ ಕೇಳಿದಳು. “ಹಬ್ಬ ಅಂತ ಐದು ಮನೆಯೋರೂ ಒಂದೊಂದ್ ದಿನ ಹಿಡ್ಕೊಂಡ್ರೆ, ನನ್ ಮನೆ ಬಾಡಿಗೆಯೋರು ಒಂದಿನ ಬಿಡ್ತಾರಾ?” ಎಂದು ಇನ್ನೊಬ್ಬಾಕೆ ಕೇಳಿದರು. ವ್ಯಾಜ್ಯ ಒಂದು ನೂರು ರೂಪಾಯಿಯದು. ಅಂದು ಅದು ತೀರಲಿಲ್ಲ. ತಾಯಿ ಮಗುವನ್ನು ಬಿಡಿಸಿಕೊಂಡಳು. ಮಾರನೆಯ ದಿನದಿಂದ ಏಳನೆಯ ತರಗತಿಯಲ್ಲಿ ಓದುತ್ತಿದ್ದ ಅಕ್ಕ, ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಜಗುಲಿಯಲ್ಲಿ ಕುಳಿತಳು. ದೊಡ್ಡವರ ನೂರು ರೂಪಾಯಿಯ ದಂಡವನ್ನು ತೆತ್ತವಳು ಆ ಹುಡುಗಿ. ಇಂಥ ಏರ್ಪಾಡು ಮುರಿದಾಗ ಭಾರ ಹೋಗಿ ಬೀಳುವುದು ಹೆಚ್ಚಾಗಿ ಹೀಗೆ ಒಬ್ಬ ಹುಡುಗಿಯ ಸೊಂಟದ ಮೇಲೆಯೇ.

ಇಬ್ಬರ ಮಾತಿನ ಬೇರು ಎಲ್ಲಿದೆಯೆಂದು ನೋಡೋಣ. ನಮ್ಮ ಹಳೆಯ ಬಾಳಿನಲ್ಲಿಯೇ ಎರಡು ಬಗೆಯ ಸಂದಾಯಗಳಿದ್ದವು. ಒಂದು ವರ್ತನೆಯದು. ವರ್ತನೆಯ ಹಾಲಿನವಳು, ಹೂವಿನವಳು ದಿನವೂ ಅಳೆದುಕೊಟ್ಟು, ತಿಂಗಳ ಕೊನೆಗೆ ಲೆಕ್ಕ ತೆಗೆದುಕೊಳ್ಳುತ್ತಿದ್ದರು. ಹಾಲು ತಾರದ ದಿನಕ್ಕೆ ಕ್ಯಾಲೆಂಡರಿನ ಮೇಲೆ ಒಂದು ಸೊನ್ನೆ. ಆ ದಿನದ ಹಣವಿಲ್ಲ. ಇನ್ನೊಂದು ಆಯದ್ದು. ಹಳ್ಳಿಯ ತಳವಾರ, ನೀರುಗಂಟಿ, ಕಮ್ಮಾರ, ಬಡಗಿ, ಅಗಸ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ ಕಣದ ಮೇಲೆಯೇ ಧಾನ್ಯದ ಪಾಲು ಸಲ್ಲುತ್ತಿತ್ತು. ಈ ವರ್ಷ ನೀನು ಎಷ್ಟು ದಿನ ತೂಬು ಎತ್ತಿದೆಯೆಂದು ನೀರುಗಂಟಿಯನ್ನು ಯಾರೂ ಕೇಳುತ್ತಿರಲಿಲ್ಲ. ಬೇಕಾದ ದಿನ ಅವನು ಕೆರೆಯ ಏರಿಯ ಮೇಲೆ ಇರುತ್ತಾನೆಂಬ ಭರವಸೆಗೆ ಆ ಪಾಲು. ಆಯದ ಪದ್ಧತಿಯಲ್ಲಿ ಜಾತಿಯ ಕಟ್ಟೂ ಬಿಟ್ಟಿ ಚಾಕರಿಯೂ ಇದ್ದವು. ಅದನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಎರಡು ಬಗೆಯ ಸಂದಾಯಗಳ ಹಿಂದೆ ಎರಡು ಬಗೆಯ ವಿಚಾರಗಳಿವೆಯೆಂಬುದಷ್ಟೇ ಪ್ರಕೃತ. ಒಂದು ಅಳತೆಗೆ ಕೊಡುವ ಹಣ, ಇನ್ನೊಂದು ಇರವಿಗೆ ಕೊಡುವ ಹಣ.

ಮಗು ನೋಡಿಕೊಳ್ಳುವುದನ್ನು ಯಾವ ಗುಂಪಿಗೆ ಸೇರಿಸೋಣ? ತಾಯಿ ಅದನ್ನು ವರ್ತನೆಯ ಹಾಲೆಂದು ತಿಳಿದಿದ್ದಾಳೆ. ನೋಡಿಕೊಳ್ಳುವಾಕೆ ಆಯವೆಂದು ತಿಳಿದಿದ್ದಾರೆ. ಹಾಲಿನವಳು ಒಂದು ಮನೆಯಲ್ಲಿ ಬೇಡವೆಂದರೆ ಆ ಪಾವು ಹಾಲನ್ನು ಮುಂದಿನ ಮನೆಯಲ್ಲಿ ಅಳೆದಾಳು. ಆದರೆ ನಾಲ್ಕೈದು ಮಕ್ಕಳಿಗೆ ಮಾತ್ರ ಹಿಡಿಸುವ ನಡುಮನೆಯಲ್ಲಿ ಒಂದು ಮಗುವಿನ ಜಾಗವನ್ನು ಒಂದು ಮಂಗಳವಾರದ ಮಟ್ಟಿಗೆ ಇನ್ನೊಬ್ಬರಿಗೆ ಕೊಡಲಾಗುವುದಿಲ್ಲ. ಮಗು ಬಾರದಿದ್ದರೂ ಜಾಗ ಅದರದೇ. ಆಕೆಯ ಬಾಡಿಗೆ, ಗ್ಯಾಸು, ದೀಪದ ಖರ್ಚು ಯಾವುದೂ ರಜೆ ಮಾಡುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಆಕೆಯ ಮಡಿಲಿಗೆ ಒಗ್ಗಿದ ಕೂಸು ಮತ್ತೆ ಅದೇ ಮಡಿಲನ್ನು ಹುಡುಕುತ್ತದೆ. ಆದ್ದರಿಂದ ಇದು ಗಂಟೆಗಳ ಮಾರಾಟವಲ್ಲ, ಕಾಯ್ದಿಟ್ಟ ಸ್ಥಳದ ಸಂದಾಯ ಎಂದೇ ನನ್ನ ಅಭಿಪ್ರಾಯ.

ನಮ್ಮ ಸೀಮೆಯ ರೇಷ್ಮೆ ಸಾಕುವವರಿಗೆ ಇದನ್ನು ಹೇಳಬೇಕಾದದ್ದೇ ಇಲ್ಲ. ರೇಷ್ಮೆಹುಳು ಗೂಡು ಕಟ್ಟುವ ಮುನ್ನ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ರೈತರು ‘ಜ್ವರ’ ಎನ್ನುತ್ತಾರೆ. ಹುಳು ಜ್ವರಕ್ಕೆ ಕುಳಿತಾಗ ಸೊಪ್ಪು ತಿನ್ನುವುದಿಲ್ಲ. ತಿನ್ನಲಿಲ್ಲವೆಂದು ಆ ದಿನವನ್ನು ಸಾಕಣೆಯಿಂದ ಕಳೆಯುತ್ತಾರೆಯೆ? ಸುಣ್ಣದ ಪುಡಿ ಉದುರಿಸಿ, ಗಾಳಿಯಾಡಿಸಿ, ಮನೆಯ ಕಾವನ್ನು ನೋಡಿಕೊಂಡು ಕಾಯುತ್ತಾರೆ. ಆ ಜ್ವರ ನೆಟ್ಟಗೆ ಕಳೆಯದಿದ್ದರೆ ಮುಂದೆ ಗೂಡಿಲ್ಲ. ಬಿಡುವಿನ ದಿನ ದುಡಿಮೆಯ ಹೊರಗಿನ ದಿನವಲ್ಲ; ದುಡಿಮೆಯನ್ನು ನಡೆಸುವ ದಿನ.

ಕಾನೂನು ಈ ಮಾತನ್ನು ಬಹಳ ಹಿಂದೆಯೇ ಒಪ್ಪಿದೆ. 1948ರ ಕನಿಷ್ಠ ವೇತನ ಕಾಯಿದೆಯ 13ನೆಯ ಸೆಕ್ಷನ್ನು ಏಳು ದಿನಕ್ಕೊಂದು ವಿಶ್ರಾಂತಿಯ ದಿನವನ್ನೂ, ಆ ದಿನಕ್ಕೆ ಸಂಭಾವನೆಯನ್ನೂ ವಿಧಿಸಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. 2025ರ ನವೆಂಬರಿನಲ್ಲಿ ಹಳೆಯ ಕಾಯಿದೆಗಳ ಸ್ಥಾನದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗಲೂ ಈ ಅಂಶ ಉಳಿದುಬಂದಿತು. ತಿಂಗಳ ಸಂಬಳದಿಂದ ದಿನದ ದರ ತೆಗೆಯುವಾಗ 30ರಿಂದ ಭಾಗಿಸದೆ 26ರಿಂದ ಭಾಗಿಸುವ ರೂಢಿಯನ್ನು ತಾವು ಕೇಳಿರಬಹುದು. 1972ರ ಗ್ರಾಚ್ಯುಟಿ ಕಾಯಿದೆಯ ಲೆಕ್ಕದಲ್ಲಿ ಈ 26ನ್ನು ಸುಪ್ರೀಂ ಕೋರ್ಟು 1980ರಲ್ಲಿ ಎತ್ತಿಹಿಡಿಯಿತು. 1987ರಲ್ಲಿ ಅದು ಕಾಯಿದೆಯ ಮಾತಿಗೇ ಸೇರಿತು. ಇದರ ತಾತ್ಪರ್ಯ ಸರಳವಾದುದು. ಇಪ್ಪತ್ತಾರು ದಿನ ದುಡಿದವನು ಮೂವತ್ತು ದಿನ ಬದುಕಬೇಕು. ಮಿಕ್ಕ ನಾಲ್ಕು ದಿನಗಳ ಅನ್ನ ದುಡಿದ ದಿನಗಳ ಸಂಬಳದಲ್ಲಿಯೇ ಸೇರಿದೆ. ನಮ್ಮ ರಾಜ್ಯದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆ ಜನವರಿ 26, ಆಗಸ್ಟ್ 15, ನವೆಂಬರ್ 1 ಮೊದಲಾದ ದಿನಗಳನ್ನು ಕೈಗಾರಿಕೆಯ ನೌಕರರಿಗೆ ವೇತನಸಹಿತ ರಜೆಯೆಂದು ಗೊತ್ತುಮಾಡಿತು.

ಆದರೆ ಈ ಯಾವ ಕಾಯಿದೆಯ ನೆರಳೂ ಆ ನಡುಮನೆಯ ಮೇಲೆ ಬೀಳುವುದಿಲ್ಲ. ಆಕೆ ಕಾರ್ಖಾನೆಯ ನೌಕರಳಲ್ಲ. ಕರ್ನಾಟಕ ಸರ್ಕಾರ 2004ರಲ್ಲಿ ಮನೆಕೆಲಸದವರಿಗೆ ಕನಿಷ್ಠ ವೇತನವನ್ನು ಗೊತ್ತುಮಾಡಿತು. ಅದು ಪರರ ಮನೆಗೆ ಹೋಗಿ ದುಡಿಯುವವರನ್ನು ಕುರಿತದ್ದು. ಈಕೆ ದುಡಿಯುವುದು ತನ್ನ ಮನೆಯಲ್ಲಿಯೇ. ಆದಕಾರಣ ಇಲ್ಲಿ ಕಾಯಿದೆಯಿಲ್ಲ, ಮಾತು ಮಾತ್ರ ಇದೆ.

ಇನ್ನು ಲೆಕ್ಕಕ್ಕೆ ಬರುತ್ತೇನೆ. ಸಾಹಿತ್ಯದವನ ಲೆಕ್ಕವೆಂದು ಶ್ರೋತೃಗಳು ಸಂಶಯಪಡಬಾರದು. ಇದು ಪ್ರಾಥಮಿಕ ಶಾಲೆಯ ಭಾಗಾಕಾರ. ಒಂದು ಮಗುವಿಗೆ ತಿಂಗಳಿಗೆ 2,600 ರೂಪಾಯಿ ಎಂದಿಟ್ಟುಕೊಳ್ಳೋಣ. 26ರಿಂದ ಭಾಗಿಸಿದರೆ ದಿನಕ್ಕೆ 100, ವರ್ಷಕ್ಕೆ 31,200. ವರ್ಷದ 365 ದಿನಗಳಲ್ಲಿ 52 ಭಾನುವಾರ ಹೋಗಲಿ, ಹಬ್ಬಗಳಿಗೆ 10 ದಿನ ಹೋಗಲಿ, ಆಕೆಯ ಕಾಯಿಲೆ ಕಷ್ಟಗಳಿಗೆ 6 ದಿನ ಹೋಗಲಿ. ಬಾಗಿಲು ತೆರೆದ ದಿನಗಳು 297. ರಜೆಗೆ ಏನೂ ಕೊಡದೆ ಬಾಗಿಲು ತೆರೆದ ದಿನಗಳಿಗೆ ಮಾತ್ರ ನೂರರಂತೆ ಕೊಟ್ಟರೆ ಆಕೆಗೆ ಸಿಕ್ಕುವುದು 29,700. ಒಂದು ಮಗುವಿನಿಂದ 1,500 ಕಡಿಮೆ. ಐದು ಮಕ್ಕಳಿಂದ 7,500. ಎಂದರೆ ಒಂದೊಂದು ಮನೆಯವರಿಗೆ ಅಲ್ಪವೆಂದು ತೋರಿದ ಹಣ ಆಕೆಯ ಅರ್ಧ ತಿಂಗಳ ದುಡಿಮೆಗಿಂತ ಹೆಚ್ಚಾಗುತ್ತದೆ.

ಇದನ್ನೇ ಇನ್ನೊಂದು ಬಗೆಯಾಗಿ ನೋಡಬಹುದು. ಅದೇ 31,200ನ್ನು 297ರಿಂದ ಭಾಗಿಸಿದರೆ 105 ರೂಪಾಯಿ ಚಿಲ್ಲರೆ. ದಿನಕ್ಕೆ 105ರಂತೆ ಕೊಟ್ಟು ರಜೆಗೆ ಏನೂ ಕೊಡದಿರುವುದೂ, ದಿನಕ್ಕೆ 100ರಂತೆ ತಿಂಗಳ ಲೆಕ್ಕದಲ್ಲಿ ಕೊಟ್ಟು ಹಬ್ಬಕ್ಕೂ ಕಾಯಿಲೆಗೂ ಹಿಡಿಯದಿರುವುದೂ ವರ್ಷದ ಕೊನೆಗೆ ಒಂದೇ. ಆದ್ದರಿಂದ “ರಜೆಗೆ ಹಣವೇಕೆ?” ಎಂಬ ಪ್ರಶ್ನೆ ಅರ್ಧ ಪ್ರಶ್ನೆ. ಆಕೆಯ ರಜೆಯ ಅನ್ನ ಎಲ್ಲಿಂದಲಾದರೂ ಬರಲೇಬೇಕು. ದಿನದ ದರದೊಳಗೆ ಅಡಗಿ ಬರಲಿ ಅಥವಾ ತಿಂಗಳ ಲೆಕ್ಕದಲ್ಲಿ ಬಹಿರಂಗವಾಗಿ ಬರಲಿ. ನೂರರ ದರವೂ ಬೇಕು, ರಜೆಗೆ ಹಿಡಿಯುವುದೂ ಬೇಕು ಎಂದರೆ ಮಾತ್ರ ಅನ್ಯಾಯವಾಗುತ್ತದೆ.

ಫ್ರಾನ್ಸ್ ದೇಶದಲ್ಲಿ ತಮ್ಮ ಮನೆಯಲ್ಲಿಯೇ ಮಕ್ಕಳನ್ನು ನೋಡಿಕೊಳ್ಳುವವರಿಗೆ ‘ಅಸಿಸ್ತಾಂತ್ ಮಾತೆರ್ನೆಲ್’ ಎಂಬ ಹೆಸರಿದೆ, ಸರ್ಕಾರದ ಮನ್ನಣೆಯಿದೆ. ತಂದೆತಾಯಿಗಳು ಅವರೊಡನೆ ಲಿಖಿತ ಕರಾರು ಮಾಡಿಕೊಳ್ಳಬೇಕು. ವರ್ಷದ ಹಣವನ್ನು ಹನ್ನೆರಡು ತಿಂಗಳಿಗೆ ಸಮವಾಗಿ ಹಂಚುತ್ತಾರೆ. ದುಡಿದ ಪ್ರತಿ ತಿಂಗಳಿಗೆ ಎರಡೂವರೆ ದಿನದಂತೆ ವೇತನಸಹಿತ ರಜೆ ಕೂಡಿಬರುತ್ತದೆ. ಅಲ್ಲಿಯ ಐಶ್ವರ್ಯ ನಮ್ಮಲ್ಲಿಲ್ಲ, ನಿಜ. ಆದರೆ ಒಂದು ಚೀಟಿಯ ಮೇಲೆ ಮೊದಲೇ ಬರೆದುಕೊಳ್ಳುವುದಕ್ಕೆ ಐಶ್ವರ್ಯ ಬೇಕಾಗಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ತಾಯಿಗೆ ಅನ್ಯಾಯ ಮಾಡಿದಂತಾಗುತ್ತದೆ. ಉಪಾಧ್ಯಾಯಿನಿಯ ಮಾತು ಬೇರೆ, ಬೇಸಿನ್ನಿನ ಮುಂದೆ ದುಡಿಯುವವಳ ಮಾತು ಬೇರೆ. ಉಪಾಧ್ಯಾಯಿನಿಗೆ ಭಾನುವಾರಕ್ಕೂ ದಸರೆಗೂ ಸಂಬಳವುಂಟು. ತನ್ನ ರಜೆಗೆ ಸಂಬಳ ಪಡೆಯುವವರು ಇನ್ನೊಬ್ಬರ ರಜೆಗೆ ಹಣ ಹಿಡಿಯುವುದು ಯಾವ ನ್ಯಾಯಕ್ಕೂ ಹೊಂದದು. ಇಲ್ಲಿ ಚರ್ಚೆಗೆ ಅವಕಾಶವೇ ಇಲ್ಲ. ಆದರೆ ಗೂಡಿನ ಬೆಲೆ ಏರಿ ಯಜಮಾನ ಹರಾಜಿನಲ್ಲಿ ಗೂಡು ಹಿಡಿಯದೆ ಬಂದರೆ ಮಾರನೆಯ ದಿನ ಘಟಕ ನಿಲ್ಲುತ್ತದೆ, ದಿನಗೂಲಿಯ ತಾಯಿಗೆ ಅಂದು ಕೂಲಿಯಿಲ್ಲ. ಮಗು ನೋಡಿಕೊಳ್ಳುವಾಕೆ ಹೇಳದೆ ಕೇಳದೆ ಬಾಗಿಲು ಹಾಕಿದರಂತೂ ಅಂದಿನ ಕೂಲಿಯೂ ಹೋಯಿತು, ಮೇಲೆ ನೂರು ರೂಪಾಯಿಯೂ ಹೋಯಿತು. ತನಗೇ ಇಲ್ಲದ ರಜೆಯ ಸಂಬಳವನ್ನು ಅವಳು ಇನ್ನೊಬ್ಬರಿಗೆ ಎಲ್ಲಿಂದ ತಂದು ಕೊಡಬೇಕು?

ಈ ಪ್ರಶ್ನೆಗೆ ಉತ್ತರ ಆ ಇಬ್ಬರು ಹೆಂಗಸರ ಬಳಿ ಇಲ್ಲ. 1948ರ ಕಾರ್ಖಾನೆ ಕಾಯಿದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಗೃಹ ಇರಬೇಕೆಂದಿತು. 1976ರ ತಿದ್ದುಪಡಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಐವತ್ತು ನೌಕರರಿರುವ ಸಂಸ್ಥೆಗಳಿಗೆ ಅದನ್ನೇ ವಿಧಿಸಿತು. ಹೊಸ ಸಂಹಿತೆಯಲ್ಲಿಯೂ ಐವತ್ತರ ಗೆರೆಯೇ ಇದೆ. ಹತ್ತು ಹನ್ನೆರಡು ಮಂದಿಯ ಬಿಚ್ಚಾಣಿಕೆ ಘಟಕವಾಗಲಿ, ಗೊಂಬೆಯ ಕಾರ್ಯಾಗಾರವಾಗಲಿ ಈ ಗೆರೆಯ ಒಳಕ್ಕೆ ಬರುವುದೇ ಇಲ್ಲ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮಲ್ಲಿ ಮೊದಲು ತಿರುಮಕೂಡಲು ನರಸೀಪುರಕ್ಕೆ ಬಂದು, ಮುಂದೆ ಅಂಗನವಾಡಿಗಳು ಊರೂರಿಗೂ ಹಬ್ಬಿದವು. ಅವುಗಳ ಉಪಕಾರ ದೊಡ್ಡದು. ಆದರೆ ಅಂಗನವಾಡಿ ಮುಚ್ಚುವ ಹೊತ್ತಿಗೆ ಗಾರ್ಮೆಂಟ್ಸಿನ ವ್ಯಾನು ಊರಿಗೆ ಬಂದಿರುವುದಿಲ್ಲ. 2023ರ ರಾಜ್ಯದ ಆಯವ್ಯಯದಲ್ಲಿ ‘ಕೂಸಿನ ಮನೆ’ ಎಂಬ ಯೋಜನೆ ಪ್ರಕಟವಾಯಿತು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನೆಯ ಕೇಂದ್ರಗಳು ಎಂಬುದು ಅದರ ಸಂಕಲ್ಪ. ಹೆಸರೂ ಚೆನ್ನ, ಉದ್ದೇಶವೂ ಚೆನ್ನ. ಆದರೆ ಪಂಚಾಯಿತಿಗಳಿಗಾಗಿ ರೂಪಿಸಿದ ಆ ಯೋಜನೆಯಲ್ಲಿ ಪುರಸಭೆ, ನಗರಸಭೆಗಳ ಕೇರಿಗಳು ಹೊರಗುಳಿದವು. ಪಟ್ಟಣದ ಕೇರಿಗಳಿಗೂ ಅಂಥ ಮನೆಗಳು ಬೇಕು. ಹಲವು ಸಣ್ಣ ಘಟಕಗಳ ಯಜಮಾನರು ಸೇರಿ, ನಗರಸಭೆಯೂ ಕೈಗೂಡಿಸಿ, ಈಗ ಮಕ್ಕಳನ್ನು ನೋಡಿಕೊಳ್ಳುತ್ತಿರುವ ಅನುಭವಿಗಳಿಗೇ ತಿಂಗಳ ಗೌರವಧನ ಕೊಟ್ಟು ನಡೆಸಿದರೆ, ರಜೆಯ ದಿನದ ಭಾರ ಇಬ್ಬರು ಬಡವರ ನಡುವೆ ತೂಗುವುದು ತಪ್ಪೀತು.

ಅಲ್ಲಿಯವರೆಗೆ ಏನು ಮಾಡಬೇಕು? ನನಗೆ ತೋರಿದುದನ್ನು ಹೇಳುತ್ತೇನೆ. ಮೊದಲನೆಯದು, ಯುಗಾದಿಯ ಹೊತ್ತಿಗೆ ವರ್ಷದ ರಜೆಗಳನ್ನು ಒಂದು ಕಾಗದದ ಮೇಲೆ ಬರೆದು ಎರಡೂ ಕಡೆಯವರು ಇಟ್ಟುಕೊಳ್ಳುವುದು. ರಂಜಾನೋ ಗೌರಿಯೋ, ಮಾಗಡಿಯ ರಂಗನಾಥನ ತೇರೋ, ಕಬ್ಬಾಳಮ್ಮನ ಜಾತ್ರೆಯೋ, ರಾಮನಗರದ ಚಾಮುಂಡೇಶ್ವರಿಯ ಕರಗವೋ, ಆಕೆಯ ಮನೆಗೆ ಬೇಕಾದ ಹತ್ತು ದಿನಗಳು. ಮೊದಲೇ ತಿಳಿದ ಈ ದಿನಗಳಿಗೆ ಹಣ ಹಿಡಿಯಬಾರದು. ಎರಡನೆಯದು, ಆಕೆಯ ಕಾಯಿಲೆಗೆ ವರ್ಷಕ್ಕೆ ಆರು ದಿನ, ಅದಕ್ಕೂ ಹಿಡಿಯಬಾರದು. ಅದನ್ನು ಮೀರಿದ ದಿನಗಳನ್ನು ಕಳೆಯಬಹುದು, ಅಥವಾ ನಂಬಿಕೆಯ ಬದಲಿಯವರನ್ನು ಆಕೆಯೇ ಗೊತ್ತುಮಾಡಬಹುದು. ಮೂರನೆಯದು, ತಾಯಿ ತಾನಾಗಿ ಮಗುವನ್ನು ಕಳುಹಿಸದ ದಿನಕ್ಕೆ ಪೂರ್ಣ ಹಣ, ಜಾಗ ಕಾದಿರುತ್ತದೆ. ತಿಂಗಳೊಪ್ಪತ್ತು ತವರಿಗೆ ಹೋದರೆ ಅರ್ಧ. ನಾಲ್ಕನೆಯದು, ಕೆಲಸವೇ ಇಲ್ಲದೆ ತಾಯಿಗೆ ಕೂಲಿ ತಪ್ಪಿದ ದಿನಕ್ಕೆ ಅರ್ಧ. ಕಷ್ಟವನ್ನು ಇಬ್ಬರೂ ಹಂಚಿಕೊಳ್ಳಲಿ. ಐದನೆಯದು, ಆ ಆರು ದಿನಗಳ ಕಾಯಿಲೆಯನ್ನು ಬಿಟ್ಟು, ಮುನ್ಸೂಚನೆಯಿಲ್ಲದೆ ಬಾಗಿಲು ಹಾಕಿದ ದಿನಕ್ಕೆ ಹಣ ಕೇಳಬಾರದು. ಏಕೆಂದರೆ ಇರವಿಗೆ ಹಣ ಪಡೆಯುವವರು ಇರುವೆನೆಂಬ ಮಾತನ್ನೂ ಉಳಿಸಿಕೊಳ್ಳಬೇಕು. ನೀರುಗಂಟಿಗೆ ಆಯ ಸಲ್ಲುತ್ತಿದ್ದುದು ಕೆರೆ ತುಂಬಿ ಹರಿದ ರಾತ್ರಿ ಅವನು ಏರಿಯ ಮೇಲಿರುತ್ತಿದ್ದುದರಿಂದ.

ಕಡೆಯದಾಗಿ ಮಾತಿನ ಅರ್ಥವನ್ನು ಕುರಿತು ಎರಡು ಮಾತು. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇಷ್ಟು ಸಲಿಗೆಯನ್ನು ತಾವು ಕೊಡಬೇಕು. ಸಂಬಳವೆಂಬ ನಮ್ಮ ಮಾತಿನ ಹಿಂದೆ ಸಂಸ್ಕೃತದ ಶಂಬಲವಿದೆ. ಅದರ ಅರ್ಥ ದಾರಿಯ ಬುತ್ತಿ. ದಾರಿ ನಡೆಯುವವನು ನಡೆದ ದಿನವೂ ಉಣ್ಣಬೇಕು, ಛತ್ರದಲ್ಲಿ ತಂಗಿದ ದಿನವೂ ಉಣ್ಣಬೇಕು. ರಜವೆಂಬುದು ಅರಬ್ಬೀ ಮೂಲದಿಂದ ಉರ್ದುವಿನ ಮೂಲಕ ಬಂದ ಮಾತು. ಅದಕ್ಕೆ ಒಪ್ಪಿಗೆಯೆಂದು ಅರ್ಥ. ಇಬ್ಬರೂ ಒಪ್ಪಿದ್ದು ರಜೆ. ಒಬ್ಬರೇ ಮಾಡಿಕೊಂಡದ್ದು ಗೈರುಹಾಜರಿ. ಒಪ್ಪಿದ ರಜೆಗೆ ಬುತ್ತಿ ಕಟ್ಟಿಕೊಡುವುದು ಉಪಕಾರವಲ್ಲ, ಋಣ. ನಮ್ಮ ಮಕ್ಕಳನ್ನು ಎತ್ತಿ ಆಡಿಸುವ ಕೈಗಳಿಗೆ ಆ ಋಣವನ್ನು ಚೌಕಾಶಿಯಿಲ್ಲದೆ ತೀರಿಸೋಣ. ಅಷ್ಟಾದರೆ ಏಳನೆಯ ತರಗತಿಯ ಹುಡುಗಿಯರು ಜಗುಲಿಯಲ್ಲಿ ಕೂರದೆ ಶಾಲೆಗೆ ಹೋದಾರು.